ಗಾಳಿಗೆ ನೆಟ್ಟ ಗಡಿಗಲ್ಲು

ರೇಷ್ಮೆಹುಳು ಸಾಕುವ ಮನೆಯವರಿಗೆ ಗಾಳಿಯ ಶುದ್ಧಾಶುದ್ಧತೆಯನ್ನು ಕುರಿತು ಹೊರಗಿನವರು ಬಂದು ಹೇಳಿಕೊಡಬೇಕಾದುದೇನೂ ಇಲ್ಲ. ಹಿಪ್ಪುನೇರಳೆಯ ಸೊಪ್ಪಿನ ಮೇಲೆ ಕಲ್ಲುಧೂಳು ಕುಳಿತರೆ ಹುಳು ಮೇವಿಗೆ ಬಾಯಿಡಲು ಹಿಂದೆಗೆಯುವುದೆಂದೂ, ಹಾಗೆ ಅರೆಹೊಟ್ಟೆಯಲ್ಲಿ ಬೆಳೆದ ಹುಳು ಹಣ್ಣಾಗಿ ಚಂದ್ರಿಕೆಯನ್ನೇರುವ ವೇಳೆಗೆ ಗೂಡು ಹಗುರಾಗುವುದೆಂದೂ ಅವರು ಮಾರುಕಟ್ಟೆಯ ತಕ್ಕಡಿಯಿಂದಲೇ ಕಲಿತವರು. ಚಿಕ್ಕಬಳ್ಳಾಪುರದ ಸುತ್ತಣ ಗುಡ್ಡಗಳಲ್ಲಿ ಕಲ್ಲುಗಣಿಗಳೂ ಜಲ್ಲಿ ಕ್ರಷರುಗಳೂ ಇರುವೆಡೆಗಳಲ್ಲಿ ಬೇಸಗೆಯ ದಿವಸ ಹಾದುಹೋದವರು, ರಸ್ತೆಬದಿಯ ತೋಟಗಳು ಹಸುರನ್ನು ಕಳೆದುಕೊಂಡು ಬೂದಿಬಣ್ಣ ತಳೆದು ನಿಂತಿರುವುದನ್ನು ನೋಡಿರುತ್ತಾರೆ. ಅಲ್ಲಿ ಒಡೆದ ಜಲ್ಲಿಯೂ ಅಲ್ಲಿಯೇ ಅರೆದ ಎಂ-ಸ್ಯಾಂಡೂ ಟಿಪ್ಪರುಗಳನ್ನೇರಿ ಬೆಂಗಳೂರಿನ ದಾರಿ ಹಿಡಿಯುತ್ತವೆ. ಒಂದು ಕಡೆ ಅಪಾರ್ಟ್‌ಮೆಂಟಿನ ಪಿಲ್ಲರಾಗಿ, ಇನ್ನೊಂದು ಕಡೆ ಮೇಲ್ಸೇತುವೆಯ ಕಂಬವಾಗಿ ನಿಲ್ಲುತ್ತವೆ. ಕಲ್ಲು ನಗರಕ್ಕೆ ಬಂದಿತು, ಧೂಳು ಊರಿನಲ್ಲಿ ಉಳಿಯಿತು. ಬೆಂಗಳೂರಿನ ವಾಯುಮಾಲಿನ್ಯದ ಲೆಕ್ಕವನ್ನು ಬರೆದಿಡುವ ಪುಸ್ತಕದಲ್ಲಿ ಆ ಧೂಳಿಗೆ ಖಾತೆಯೇ ಇಲ್ಲ.

ಖಾತೆ ಇಲ್ಲದಿರುವುದಕ್ಕೆ ಕಾರಣವುಂಟು. ಕೇಂದ್ರ ಸರ್ಕಾರವು 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿಯ ಗುಣಮಟ್ಟ ನಿಗದಿತ ಮಿತಿಯೊಳಗೆ ಇಲ್ಲದ ನಗರಗಳ ಪಟ್ಟಿಯೊಂದನ್ನು ಮಾಡಿ, ಆಯಾ ನಗರಕ್ಕೆ ಆಯಾ ನಗರವೇ ಕ್ರಿಯಾಯೋಜನೆಯನ್ನು ರಚಿಸಿಕೊಳ್ಳತಕ್ಕದ್ದೆಂದು ವಿಧಿಸಿತು. ನಮ್ಮ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ, ಈ ನಾಲ್ಕು ಆ ಪಟ್ಟಿಯಲ್ಲಿ ಸೇರಿದವು. ಉದ್ದೇಶ ಶ್ಲಾಘ್ಯವಾದುದೇ, ಬಂದ ಹಣವೂ ಅಲ್ಪವಲ್ಲ. ಆದರೆ ದೇಶಾದ್ಯಂತ ಆ ಹಣ ಹರಿದ ದಿಕ್ಕನ್ನು 2024ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪರಿಶೀಲಿಸಿದಾಗ, ವೆಚ್ಚದಲ್ಲಿ ಸುಮಾರು ಶೇ. 64ರಷ್ಟು ರಸ್ತೆಯ ಧೂಳಿನ ನಿವಾರಣೆಗೇ ಸಂದಿತ್ತೆಂದೂ, ಕೈಗಾರಿಕೆಯ ಹೊಗೆಯ ಬಾಬತ್ತಿಗೆ ಶೇ. 1ರಷ್ಟೂ ಸಂದಿರಲಿಲ್ಲವೆಂದೂ ತಿಳಿದುಬಂದಿತು. ಇದು ಅಧಿಕಾರಿಗಳ ಅಲಕ್ಷ್ಯದಿಂದ ಮಾತ್ರ ಆದದ್ದೆಂದು ನಾನು ಭಾವಿಸುವುದಿಲ್ಲ. ನಗರಪಾಲಿಕೆಯ ಕೈ ನಿಲುಕುವುದು ಎಲ್ಲಿಯವರೆಗೆ? ತನ್ನ ಬೀದಿಯವರೆಗೆ. ಅದು ಗುಡಿಸುವ ಯಂತ್ರವನ್ನು ಕೊಳ್ಳಬಲ್ಲುದು, ನೀರು ಚಿಮುಕಿಸಬಲ್ಲುದು, ಪಾದಚಾರಿ ಮಾರ್ಗಕ್ಕೆ ಕಲ್ಲು ಹಾಸಬಲ್ಲುದು. ನೆರೆಯ ತಾಲ್ಲೂಕಿನ ಇಟ್ಟಿಗೆಗೂಡಿಗೆ, ಪಕ್ಕದ ಜಿಲ್ಲೆಯ ಕ್ರಷರಿಗೆ, ಗಡಿಯಾಚೆಯ ಕಾರ್ಖಾನೆಯ ಚಿಮಣಿಗೆ ಅದು ಆಡುವ ಮಾತು ಸಲ್ಲುವುದಿಲ್ಲ. ನಗರಕ್ಕೊಂದು ಯೋಜನೆಯೆಂದು ಹೇಳಿದ ಕ್ಷಣದಲ್ಲಿಯೇ ರೋಗದ ಬಹುಭಾಗವನ್ನು ವೈದ್ಯನ ಕೈಯಿಂದ ಆಚೆಗೆ ಇಟ್ಟಂತಾಯಿತು.

ಗಾಳಿಯ ಸಂಚಾರವನ್ನು ಸ್ವಲ್ಪ ನೋಡೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ, ಸುತ್ತಲೂ ಗೋಡೆಯಂಥ ಪರ್ವತಗಳಿಲ್ಲದ ಬಯಲಿನಲ್ಲಿ ಬೆಂಗಳೂರು ಕುಳಿತಿದೆ. ಜ್ಯೇಷ್ಠ ಆಷಾಢಗಳಲ್ಲಿ ಪಶ್ಚಿಮದಿಂದ ಬೀಸುವ ಮುಂಗಾರಿನ ಗಾಳಿ ನಗರದ ಹೊಗೆಯನ್ನು ಗುಡಿಸಿ ಹೊಸಕೋಟೆ, ಮಾಲೂರು, ಕೋಲಾರಗಳ ದಿಕ್ಕಿಗೆ ಒಯ್ಯುತ್ತದೆ. ಮಳೆ ಬಿದ್ದು ಉಳಿದುದನ್ನು ತೊಳೆಯುತ್ತದೆ. ಕಾರ್ತಿಕ ಕಳೆಯುವಷ್ಟರಲ್ಲಿ ಗಾಳಿ ಮುಖ ತಿರುಗಿಸಿ ಪೂರ್ವೋತ್ತರದಿಂದ ಬರತೊಡಗುತ್ತದೆ. ಆಗ ಆ ಸೀಮೆಯ ಇಟ್ಟಿಗೆಗೂಡು ಹೆಂಚಿನ ಕಾರ್ಖಾನೆಗಳ ಹೊಗೆ, ಕ್ರಷರುಗಳ ಧೂಳು, ಹೊಲದಂಚಿನಲ್ಲಿ ಸುಟ್ಟ ಕಸದ ಮಸಿ, ಎಲ್ಲವೂ ನಗರದತ್ತ ಮರುಪ್ರಯಾಣ ಮಾಡುತ್ತವೆ. ಚಳಿಗಾಲದ ಇರುಳಿನಲ್ಲಿ ನೆಲ ಬೇಗನೆ ತಣಿದು, ನೆಲಕ್ಕಂಟಿದ ಗಾಳಿ ತಂಪಾಗಿ, ಅದರ ಮೇಲೆ ಬಿಸಿಗಾಳಿಯ ಪದರವೊಂದು ಪಾತ್ರೆಯ ಬಾಯಿಗೆ ಕವುಚಿದ ತಟ್ಟೆಯಂತೆ ನಿಲ್ಲುವುದರಿಂದ, ಬೆಳಗಿನ ಹೊತ್ತು ಹೊಗೆ ಮೇಲೇರಲಾರದೆ ನಾವು ಉಸಿರಾಡುವ ಎತ್ತರದಲ್ಲಿಯೇ ಸುಳಿದಾಡುತ್ತದೆ. ಇಷ್ಟಾದರೂ ನಮ್ಮ ಸ್ಥಿತಿ ಗಂಗಾಬಯಲಿನ ನಗರಗಳಷ್ಟು ಕೆಟ್ಟಿಲ್ಲದಿರುವುದು ಎತ್ತರದ, ಗಾಳಿಯ, ಮಳೆಯ ಕೃಪೆಯಿಂದ. ಹವಾನಿಯಂತ್ರಿತ ನಗರವೆಂಬ ಹಳೆಯ ಹೆಮ್ಮೆಯನ್ನು ನಾವು ಈಗಲೂ ನುಡಿಯುತ್ತಿರುವುದು ಪ್ರಕೃತಿ ಕೊಟ್ಟ ಮೂಲಧನದ ಬಡ್ಡಿಯಿಂದ. ಆ ಮೂಲಧನಕ್ಕೆ ನಮ್ಮ ಕಾಲದವರು ಕೂಡಿಸಿದ್ದು ಬಹಳ ಸ್ವಲ್ಪ.

ಸೂಕ್ಷ್ಮಕಣಗಳ ಸ್ವಭಾವವನ್ನು ತಿಳಿದರೆ ಗಡಿಯ ವ್ಯರ್ಥತೆ ಇನ್ನೂ ಸ್ಪಷ್ಟವಾಗುತ್ತದೆ. ದಪ್ಪ ಧೂಳು ಎದ್ದ ಕಡೆಯ ಸಮೀಪದಲ್ಲಿಯೇ ಇಳಿದೀತು. ಪಿಎಂ 2.5 ಎಂದು ಕರೆಯುವ, ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕಿರಿದಾದ ಕಣ ಹಾಗಲ್ಲ. ಅದು ದಿನಗಟ್ಟಲೆ ತೇಲುತ್ತ ನೂರಾರು ಕಿಲೋಮೀಟರು ಸಾಗಬಲ್ಲುದು, ಉಸಿರಿನೊಡನೆ ಶ್ವಾಸಕೋಶದ ಕೊನೆಯ ಗೂಡನ್ನು ಹೊಕ್ಕು ರಕ್ತವನ್ನು ಸೇರಬಲ್ಲುದು. ಅದರಲ್ಲಿ ಒಂದು ಪಾಲು ಯಾವ ಚಿಮಣಿಯಿಂದಲೂ ಕಣವಾಗಿ ಹೊರಬಂದದ್ದೇ ಅಲ್ಲ. ವಾಹನದ ಹೊಗೆಯ ನೈಟ್ರೋಜನ್ ಆಕ್ಸೈಡುಗಳೂ ಕಲ್ಲಿದ್ದಲು ಡೀಸೆಲುಗಳ ಗಂಧಕದ ಅನಿಲವೂ ಕೊಟ್ಟಿಗೆ ಹೊಲಗಳಿಂದ ಏಳುವ ಅಮೋನಿಯವೂ ದಾರಿಯಲ್ಲಿ ಕೂಡಿಕೊಂಡು, ಆಕಾಶದಲ್ಲಿಯೇ ಘನೀಭವಿಸಿ ಹುಟ್ಟುವ ಕಣ ಅದು. ಅದರ ತಂದೆ ನಗರದವನು, ತಾಯಿ ಹಳ್ಳಿಯವಳು ಎಂದರೆ ಅತಿಶಯೋಕ್ತಿಯಲ್ಲ; ಅದರ ಜನ್ಮಸ್ಥಳವನ್ನು ಯಾವ ವಾರ್ಡಿನ ಹೆಸರಿನಲ್ಲಿ ಬರೆಯುವುದು? ಇಂಥ ಕಣ ಒಂದು ಘನಮೀಟರು ಗಾಳಿಯಲ್ಲಿ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂಬುದು 2009ರ ನಮ್ಮ ರಾಷ್ಟ್ರೀಯ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆಯು ಹತ್ತು ಎಂದಿದ್ದ ತನ್ನ ಸಂಖ್ಯೆಯನ್ನು 2021ರಲ್ಲಿ ಐದಕ್ಕೆ ಇಳಿಸಿತು. ನಮ್ಮ ಮಿತಿಯೊಳಗೆ ಇದ್ದೇವೆಂಬ ಸಮಾಧಾನ ಎಷ್ಟು ತೆಳುವಾದುದೆಂಬುದು ಈ ಎರಡು ಅಂಕೆಗಳ ಅಂತರದಲ್ಲಿಯೇ ಕಾಣುತ್ತದೆ.

ಈ ಸೀಮೆಯ ಹಿಂದಿನವರಿಗೆ ಗಾಳಿಯ ವಿಷಯದಲ್ಲಿ ಇಂಥ ವ್ಯವಸ್ಥೆಯ ಅಗತ್ಯ ಬೀಳಲಿಲ್ಲ. ನೀರಿನ ವಿಷಯದಲ್ಲಿ ಬಿದ್ದಿತು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನೆಲದಲ್ಲಿ ಅವರು ಕೆರೆಗಳನ್ನು ಒಂದೊಂದಾಗಿ ಕಟ್ಟದೆ ಸರಣಿಯಾಗಿ ಕಟ್ಟಿದರು. ಮೇಲಣ ಕೆರೆಯ ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಣ ಕೆರೆಗೆ ಒಳಹರಿವಾಗುತ್ತಿತ್ತು. ಮೇಲಿನವರು ಹೂಳು ತೆಗೆಯದಿದ್ದರೆ ಕೆಳಗಿನವರಿಗೆ ನೀರಿಲ್ಲ, ಮೇಲಿನ ಏರಿ ಒಡೆದರೆ ಕೆಳಗಿನ ಊರಿಗೆ ಉಳಿವಿಲ್ಲ. ಆದಕಾರಣ ನೀರುಗಂಟಿಯ ಲೆಕ್ಕಾಚಾರದಲ್ಲಿ ಊರಿನ ಎಲ್ಲೆಗಿಂತ ಜಲಾನಯನದ ಎಲ್ಲೆಯೇ ದೊಡ್ಡದಾಗಿತ್ತು. ನೀರಿಗೆ ಹೇಗೆ ಜಲಾನಯನವುಂಟೋ ಹಾಗೆ ಗಾಳಿಗೂ ಒಂದು ಆನಯನಪ್ರದೇಶವುಂಟು: ಒಂದೆಡೆ ಎದ್ದ ಹೊಗೆ ಯಾವ ಯಾವ ಊರುಗಳ ಮೇಲೆ ಹಾದುಹೋಗುವುದೋ ಆ ಊರುಗಳೆಲ್ಲ ಸೇರಿ ಒಂದು ಪ್ರಾಂತ. ಅದನ್ನು ವಾಯುಪ್ರಾಂತವೆಂದು ಕರೆಯೋಣ. ಯೋಜನೆ ಮಾಡುವುದಾದರೆ ಆ ಪ್ರಾಂತಕ್ಕೆ ಮಾಡಬೇಕು.

ಈ ಮಾತನ್ನು ಮೊದಲು ಕಷ್ಟಪಟ್ಟು ಕಲಿತದ್ದು ಅಮೆರಿಕದ ಲಾಸ್ ಏಂಜಲೀಸ್. 1943ರ ಬೇಸಗೆಯಲ್ಲಿ ಆ ನಗರವನ್ನು ಕಣ್ಣುರಿಸುವ ಮಬ್ಬು ಕವಿದಾಗ, ಯುದ್ಧಕಾಲದ ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕವನ್ನು ತಯಾರಿಸುತ್ತಿದ್ದ ಒಂದೇ ಕಾರ್ಖಾನೆಯ ಮೇಲೆ ಎಲ್ಲರೂ ದೋಷವಿಟ್ಟರು. ಅದನ್ನು ಕೆಲಕಾಲ ನಿಲ್ಲಿಸಿದ ಮೇಲೂ ಮಬ್ಬು ಹರಿಯಲಿಲ್ಲ. 1947ರಲ್ಲಿ ಇಡೀ ಕೌಂಟಿಗೆ ಒಂದು ವಾಯುಮಾಲಿನ್ಯ ನಿಯಂತ್ರಣ ಸಂಸ್ಥೆ ಸ್ಥಾಪಿತವಾಯಿತು. ಕೆಲವು ವರ್ಷಗಳಲ್ಲಿ ಹಾಗೆನ್-ಸ್ಮಿಟ್ ಎಂಬ ರಸಾಯನವಿಜ್ಞಾನಿ, ವಾಹನಗಳಿಂದಲೂ ಎಣ್ಣೆ ಶುದ್ಧೀಕರಣದ ಸ್ಥಾವರಗಳಿಂದಲೂ ಹೊರಟ ಅನಿಲಗಳು ಬಿಸಿಲಿನಲ್ಲಿ ಬೆಂದು ಓಝೋನ್ ಆಗಿ ಪರಿಣಮಿಸುವುದನ್ನು ತೋರಿಸಿಕೊಟ್ಟ. ಕಡಲ ಗಾಳಿ ಆ ಮಬ್ಬನ್ನು ಒಳನಾಡಿನ ಕೌಂಟಿಗಳಿಗೆ ತಳ್ಳುತ್ತಿದ್ದಾಗ ಒಂದು ಕೌಂಟಿಯ ಸಂಸ್ಥೆಯಿಂದ ಏನಾದೀತು? ಕೊನೆಗೆ 1970ರ ದಶಕದ ಉತ್ತರಾರ್ಧದಲ್ಲಿ ನಾಲ್ಕು ಕೌಂಟಿಗಳ ಸಂಸ್ಥೆಗಳು ಒಂದಾದವು. ಆ ಪ್ರದೇಶದ ಗಾಳಿ ಇಂದಿಗೂ ನಿರ್ಮಲವಲ್ಲ. ಆದರೆ ಜನರೂ ವಾಹನಗಳೂ ಎಷ್ಟೋ ಪಟ್ಟು ಹೆಚ್ಚಿದ ಮೇಲೆಯೂ ಅದು ಐವತ್ತರ ದಶಕದ ಗಾಳಿಗಿಂತ ಬಹುಮಟ್ಟಿಗೆ ಶುದ್ಧವಾಗಿದೆ.

ದೆಹಲಿಯಲ್ಲಿ ಪಾಠ ತಡವಾಗಿ ಬಂದಿತು. ರಾಜಧಾನಿಯನ್ನೂ ಹರಿಯಾಣ, ಪಂಜಾಬ್, ರಾಜಸ್ಥಾನ, ಉತ್ತರ ಪ್ರದೇಶಗಳ ಸಂಬಂಧಪಟ್ಟ ಪ್ರದೇಶಗಳನ್ನೂ ಒಂದೇ ಆಯೋಗದ ಕೆಳಗೆ ತರುವ ಕಾಯಿದೆ 2021ರಲ್ಲಷ್ಟೇ ಆಯಿತು. ಅದಕ್ಕೆ ಮೊದಲು ಎರಡು ದಶಕಕ್ಕೂ ಮಿಕ್ಕಿ ಸರ್ವೋಚ್ಚ ನ್ಯಾಯಾಲಯವೇ ಆ ಹೊರೆಯನ್ನು ಹೊರಬೇಕಾಯಿತು. ಆಯೋಗಕ್ಕೆ ವ್ಯಾಪ್ತಿಯೇನೋ ದೊರೆಯಿತು, ಆದರೆ ನಮ್ಮ ಕಿವಿಗೆ ಹೆಚ್ಚಾಗಿ ಬೀಳುವುದು ವಿಪತ್ತಿನ ದಿನಗಳ ಅದರ ಆದೇಶಗಳು: ಶಾಲೆ ಮುಚ್ಚಿ, ಕಟ್ಟಡದ ಕೆಲಸ ನಿಲ್ಲಿಸಿ, ಲಾರಿಗಳನ್ನು ತಡೆಯಿರಿ. ಉಸಿರುಗಟ್ಟಿದ ಮೇಲೆ ಬಾಗಿಲು ತೆರೆಯುವ ಆ ಸ್ಥಿತಿಗೆ ಬೆಂಗಳೂರು ಇನ್ನೂ ಬಂದಿಲ್ಲ. ಬಂದಿಲ್ಲವಾದುದರಿಂದಲೇ ನಮಗೆ ನಿಧಾನವಾಗಿ ಆಲೋಚಿಸುವ ಅವಕಾಶ ಉಳಿದಿದೆ. ಅದನ್ನು ಕಳೆದುಕೊಳ್ಳುವುದು ನಮ್ಮ ಮಕ್ಕಳಿಗೆ ಮಾಡುವ ದ್ರೋಹವೆಂದೇ ನನ್ನ ಭಾವನೆ.

ಯಾವುದನ್ನು ಆಲೋಚಿಸಬೇಕು? ಹೊಗೆ ಎಂಜಿನ್ನಿನ ಕೊಳವೆಯಲ್ಲಿ ಕಾಣಿಸಿಕೊಳ್ಳುತ್ತದೆ ನಿಜ. ಅದು ಹುಟ್ಟುವುದು ನಕ್ಷೆಯಲ್ಲಿ. ಮನೆಗೂ ಕೆಲಸಕ್ಕೂ ನಡುವೆ ಎಷ್ಟು ದೂರವನ್ನು ಇಟ್ಟಿದ್ದೇವೆ, ಆ ದೂರವನ್ನು ದಾಟಲು ಯಾವ ಸಾಧನವನ್ನು ಕೊಟ್ಟಿದ್ದೇವೆ ಎಂಬುದರ ಮೇಲೆ ಹೊಗೆಯ ಮೊತ್ತ ನಿಂತಿದೆ. ಬೆಂಗಳೂರಿಗೆ ಈ ವಿಷಯದಲ್ಲಿ ತನ್ನದೇ ಆದ ಪರಂಪರೆಯೊಂದಿತ್ತೆಂಬುದನ್ನು ನೆನೆದಾಗ ಮನಸ್ಸು ನೋಯುತ್ತದೆ. 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್., ಹೀಗೆ ಒಂದರ ಹಿಂದೆ ಒಂದು ದೊಡ್ಡ ಕಾರ್ಖಾನೆ ಇಲ್ಲಿ ನೆಲೆಗೊಂಡಾಗ, ದೂರವಾಣಿನಗರದಲ್ಲಿ, ಜಾಲಹಳ್ಳಿಯಲ್ಲಿ, ಕಾರ್ಖಾನೆಯ ಮಗ್ಗುಲಿಗೇ ಕಾಲೋನಿಗಳೂ ಶಾಲೆಯೂ ಆಸ್ಪತ್ರೆಯೂ ಆಟದ ಬಯಲೂ ಏರ್ಪಟ್ಟವು. ಬೆಳಗಿನ ಸೈರನ್ ಕೂಗಿದರೆ ಸೈಕಲ್ಲುಗಳ ಸಾಲು ಹೊರಡುತ್ತಿತ್ತು. ದೂರದವರನ್ನು ಕರೆತರಲು ಫ್ಯಾಕ್ಟರಿ ಬಸ್ಸುಗಳಿದ್ದವು. ಸಾವಿರಾರು ಮಂದಿಗೆ ಕೆಲಸ ಕೊಟ್ಟ ಕಾರ್ಖಾನೆ ಅವರ ಪ್ರಯಾಣದ ಭಾರವನ್ನೂ ತನ್ನದೆಂದು ಒಪ್ಪಿಕೊಂಡಿತ್ತು. ಆ ಕಾಲೋನಿಗಳ ಹುಣಸೆ, ಹೊಂಗೆ, ಮಳೆಮರಗಳ ನೆರಳಿನಲ್ಲಿ ಈಗ ನಡೆದುಹೋದರೂ, ಒಬ್ಬ ಮನುಷ್ಯನ ದಿನವನ್ನು ಒಟ್ಟಾಗಿ ನೋಡಿ ರೂಪಿಸಿದ ಯೋಜನೆಯ ಗಾಂಭೀರ್ಯ ಅನುಭವಕ್ಕೆ ಬರುತ್ತದೆ.

ಅನಂತರ ಬಂದ ಉದ್ಯಮಗಳಿಗೆ ನಾವು ಜಾಗ ಕೊಟ್ಟೆವು, ಆ ಯೋಜನೆಯನ್ನು ಕೊಡಲಿಲ್ಲ. ಎಲೆಕ್ಟ್ರಾನಿಕ್ ಸಿಟಿ ಒಂದು ಮೂಲೆಗೆ, ವೈಟ್‌ಫೀಲ್ಡ್ ಇನ್ನೊಂದು ಮೂಲೆಗೆ, ಹೊರವರ್ತುಲ ರಸ್ತೆಯ ಉದ್ದಕ್ಕೂ ಗಾಜಿನ ಕಟ್ಟಡಗಳ ಸಾಲು. ಅಲ್ಲಿ ದುಡಿಯುವವರ ಮನೆ ಮಾತ್ರ ನಿವೇಶನ ಎಲ್ಲಿ ಅಗ್ಗವೋ ಅಲ್ಲಿ. ಕೃಷಿಭೂಮಿ ಪರಿವರ್ತನೆಯಾಗಿ, ಅಥವಾ ಪರಿವರ್ತನೆಯೂ ಆಗದೆ ಕಂದಾಯ ಬಡಾವಣೆಯಾಗಿ, ಬಸ್ಸು ತಲುಪುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಮನೆಗಳೆದ್ದವು. ಅಲ್ಲಿನವರು ಸ್ಕೂಟರನ್ನೋ ಕಾರನ್ನೋ ಕೊಂಡದ್ದು ವೈಭವಕ್ಕಲ್ಲ, ನಿರ್ವಾಹವಿಲ್ಲದೆ. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿಯನ್ನು ದಾಟಿವೆ. 2010ರಲ್ಲಿ ಟೆರಿ ಸಂಸ್ಥೆ ನಡೆಸಿದ ಅಧ್ಯಯನದಲ್ಲಿಯೇ ಬೆಂಗಳೂರಿನ ಗಾಳಿಗೆ ಸೇರುತ್ತಿದ್ದ ಕಣಮಾಲಿನ್ಯದ ಶೇ. 40ಕ್ಕೂ ಹೆಚ್ಚು ಭಾಗ ಸಾರಿಗೆಯದೆಂದು ಕಂಡುಬಂದಿತ್ತು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ನಿಯಮಗಳಿಂದ ಒಂದೊಂದು ಹೊಸ ಎಂಜಿನ್ನಿನ ಹೊಗೆಯೇನೋ ತಗ್ಗಿತು. ತಗ್ಗಿದ್ದನ್ನು ವಾಹನಗಳ ಸಂಖ್ಯೆಯೂ ಅವು ಸಿಗ್ನಲಿನಲ್ಲಿ ನಿಂತು ಉರಿಸುವ ಇಂಧನವೂ ಹಿಂದಕ್ಕೆ ಪಡೆದವು. ವಿದ್ಯುಚ್ಚಾಲಿತ ವಾಹನಗಳಿಂದ ಎಲ್ಲವೂ ಸರಿಹೋದೀತೆನ್ನುವವರು, ಟೈರೂ ಬ್ರೇಕೂ ಸವೆದು ಏಳುವ ಕಣಕ್ಕೆ ಎಂಜಿನ್ನಿನ ಜಾತಿಭೇದವಿಲ್ಲವೆಂಬುದನ್ನು ಮನಗಾಣಬೇಕು.

ರೈಲಿನ ಮಾತನ್ನು ಇಲ್ಲಿ ಆಡದಿರಲಾರೆ. ನಮ್ಮ ಮೆಟ್ರೊ 2011ರಲ್ಲಿ ಆರಂಭವಾಗಿ 2025ರ ವೇಳೆಗೆ ಸುಮಾರು 96 ಕಿಲೋಮೀಟರಿನಷ್ಟು ವಿಸ್ತರಿಸಿರುವುದು ಸಂತೋಷದ ವಿಷಯ. ಆದರೆ ಅದು ನಗರದ ಒಡಲಿನೊಳಗಿನ ಸಾಧನ. ತುಮಕೂರು, ದೊಡ್ಡಬಳ್ಳಾಪುರ, ಬಂಗಾರಪೇಟೆ, ಹೊಸೂರು, ರಾಮನಗರಗಳತ್ತ ಹಳಿಗಳು ನಮ್ಮ ತಾತಂದಿರ ಕಾಲದಿಂದಲೂ ಇವೆ. ಆ ಹಳಿಗಳ ಪಥವನ್ನೇ ಬಹುಮಟ್ಟಿಗೆ ಅನುಸರಿಸಿ ನಾಲ್ಕು ಮಾರ್ಗಗಳಲ್ಲಿ ಸುಮಾರು 148 ಕಿಲೋಮೀಟರಿನ ಉಪನಗರ ರೈಲಿಗೆ 2020ರಲ್ಲಿ ಒಪ್ಪಿಗೆ ದೊರೆಯಿತು, 2022ರಲ್ಲಿ ಶಂಕುಸ್ಥಾಪನೆಯೂ ಆಯಿತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳನ್ನಿಟ್ಟರು. ಹೂವು ಇನ್ನೂ ಅರಳಬೇಕಾಗಿದೆ. ಇದೇ ಅವಧಿಯಲ್ಲಿ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಸುತ್ತುವ ಉಪಗ್ರಹ ಪಟ್ಟಣಗಳ ವರ್ತುಲ ಹೆದ್ದಾರಿಯ ಮೇಲೆ ಲಾರಿಗಳು ಓಡತೊಡಗಿವೆ. ಊರೊಳಗೆ ಬಂದು ಹೋಗುತ್ತಿದ್ದ ಲಾರಿ ಹೊರಗೇ ಹೋಗುವುದು ಒಳ್ಳೆಯದೇ. ಆದರೆ ರಸ್ತೆ ಮುಂಚಿತವಾಗಿ ಬಂದು ರೈಲು ಹಿಂದೆ ಉಳಿದರೆ, ಆ ರಸ್ತೆಯ ಎರಡು ಮಗ್ಗುಲಿಗೂ ಗೋದಾಮುಗಳೂ ಬಡಾವಣೆಗಳೂ ಎದ್ದು, ಅಲ್ಲಿನ ಜೀವನವೆಲ್ಲ ರಬ್ಬರಿನ ಗಾಲಿಯ ಮೇಲೆಯೇ ನಿಲ್ಲುತ್ತದೆ. ಮತ್ತೆ ಮೂವತ್ತು ವರ್ಷ ಅದನ್ನು ಅಲುಗಿಸಲಾಗದು.

ಹೊರಗೆ ತಳ್ಳುವುದನ್ನೇ ಪರಿಹಾರವೆಂದು ಭಾವಿಸುವ ಅಭ್ಯಾಸ ನಮಗೆ ಹಳೆಯದು. ನಗರದ ಕಸ ಮಾವಳ್ಳಿಪುರಕ್ಕೆ ಹೋಯಿತು. ಅಲ್ಲಿನವರು ತಡೆದಾಗ ಮಂಡೂರಿಗೆ ಹೋಯಿತು. 2014ರಲ್ಲಿ ಮಂಡೂರೂ ಬಾಗಿಲು ಮುಚ್ಚಿದ ಮೇಲೆ ಮತ್ತೊಂದು ಹಳ್ಳಿಯನ್ನು ಹುಡುಕಿತು. ಕೊಳೆತ ರಾಶಿಗೆ ಹೊತ್ತಿಕೊಂಡ ಬೆಂಕಿಯ ಹೊಗೆಯನ್ನು ಆ ಹಳ್ಳಿಗಳ ಹಸುಗೂಸುಗಳು ಕುಡಿದವು. ಕ್ರಷರಿನ, ಗೂಡಿನ, ಫೌಂಡ್ರಿಯ ಕಥೆಯೂ ಇದರಿಂದ ಬೇರೆಯಲ್ಲ.

ಇಷ್ಟನ್ನೂ ಒಟ್ಟಾಗಿ ನೋಡುವ ಕಣ್ಣು ಯಾರಿಗಿದೆಯೆಂದು ಹುಡುಕಿದರೆ ಕಚೇರಿಗಳಿಗೆ ಕೊರತೆಯಿಲ್ಲ. ಅಭಿವೃದ್ಧಿ ಪ್ರಾಧಿಕಾರ 1976ರ ಕಾಯಿದೆಯದು. ಅದರ 2015ರ ಮಹಾಯೋಜನೆಯ ಅವಧಿ ಮುಗಿದು ವರ್ಷಗಳಾದರೂ, 2031ಕ್ಕೆಂದು ಸಿದ್ಧವಾದ ಕರಡು ಅಂಗೀಕಾರವನ್ನು ಕಾಣಲಿಲ್ಲ. 1985ರ ಕಾಯಿದೆಯಿಂದ ಹುಟ್ಟಿದ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿ ಸುಮಾರು 8,005 ಚದರ ಕಿಲೋಮೀಟರು. ಅದರಲ್ಲಿಯೂ ಮಾಲೂರಿಲ್ಲ, ಚಿಕ್ಕಬಳ್ಳಾಪುರವಿಲ್ಲ, ತಮಿಳುನಾಡಿಗೆ ಸೇರಿದ ಹೊಸೂರಂತೂ ಇಲ್ಲವೇ ಇಲ್ಲ. ಭೂಸಾರಿಗೆ ಪ್ರಾಧಿಕಾರಕ್ಕೆ 2022ರಲ್ಲಿ ಕಾಯಿದೆಯಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ಪಾಲಿಕೆಗಳೂ ಬಂದವು. ಹೊಗೆಯನ್ನು ಅಳೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿ; ಹೊಗೆ ಹುಟ್ಟಿಸುವ ನಿರ್ಧಾರಗಳನ್ನು, ಎಂದರೆ ಜಮೀನಿನ ಪರಿವರ್ತನೆ, ರಸ್ತೆಯ ಅಗಲ, ಬಸ್ಸಿನ ಸಂಖ್ಯೆ, ಗಣಿಯ ಪರವಾನಗಿ ಇವುಗಳನ್ನು, ಕೈಗೊಳ್ಳುವವರು ಬೇರೆ ಬೇರೆಯವರು. ಅಳೆಯುವವನಿಗೆ ಆ ನಿರ್ಧಾರಗಳನ್ನು ತಡೆಯುವ ಅಧಿಕಾರವಿಲ್ಲ, ತಡೆಯಬಲ್ಲವನಿಗೆ ಅಳತೆಯ ಹೊಣೆಯಿಲ್ಲ.

ಮತ್ತೊಂದು ಪ್ರಾಧಿಕಾರ ಬೇಕೆಂದು ನಾನು ಹೇಳುತ್ತಿಲ್ಲ. ಸಂವಿಧಾನವೇ ಅದಕ್ಕೆ ದಾರಿ ತೋರಿಸಿದೆ. 74ನೆಯ ತಿದ್ದುಪಡಿಯಿಂದ ಸೇರಿದ 243ಜೆಡ್‌ಇ ಅನುಚ್ಛೇದದಂತೆ ಪ್ರತಿಯೊಂದು ಮಹಾನಗರ ಪ್ರದೇಶಕ್ಕೂ ಮಹಾನಗರ ಯೋಜನಾ ಸಮಿತಿ ಇರತಕ್ಕದ್ದು; ಅದರ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಷ್ಟು ಮಂದಿಯನ್ನು ಆ ಪ್ರದೇಶದ ಪುರಸಭೆಗಳ ಚುನಾಯಿತ ಸದಸ್ಯರೂ ಪಂಚಾಯಿತಿಗಳ ಅಧ್ಯಕ್ಷರೂ ತಮ್ಮೊಳಗಿಂದಲೇ ಚುನಾಯಿಸತಕ್ಕದ್ದು. ಹಳ್ಳಿಯ ಅಧ್ಯಕ್ಷೆ ನಗರದ ಪ್ರತಿನಿಧಿಯ ಸಮಕ್ಕೆ ಕುಳಿತು, ನಿಮ್ಮ ಮೇಲ್ಸೇತುವೆಯ ಜಲ್ಲಿಗೆ ನಮ್ಮ ತೋಟವೇಕೆ ಬೂದಿಯಾಗಬೇಕೆಂದು ಕೇಳುವ ಪೀಠ ಅದು. ಆ ಸಮಿತಿಗೆ ಪ್ರಾಣ ತುಂಬಿ, ಮಹಾನಗರ ಪ್ರದೇಶದ ಎಲ್ಲೆಯನ್ನು ಗಾಳಿಯ ಎಲ್ಲೆಗೆ ಹೊಂದುವಂತೆ ಹಿಗ್ಗಿಸಿ, ಹೊಸೂರಿನ ವಿಷಯದಲ್ಲಿ ನೆರೆರಾಜ್ಯದೊಡನೆ ಒಡಂಬಡಿಕೆ ಮಾಡಿಕೊಂಡು, ದೊಡ್ಡ ಬಡಾವಣೆಗಾಗಲಿ ಕೈಗಾರಿಕಾ ಪ್ರದೇಶಕ್ಕಾಗಲಿ ಒಪ್ಪಿಗೆ ಕೊಡುವ ಮುನ್ನ ಅದರಿಂದ ಹುಟ್ಟುವ ಪ್ರಯಾಣದ, ಹೊಗೆಯ ಲೆಕ್ಕವನ್ನು ಸಮಿತಿಯ ಮುಂದಿಡತಕ್ಕದ್ದೆಂದು ಕಡ್ಡಾಯಗೊಳಿಸಬೇಕು. ಇದರಿಂದ ಅಭಿವೃದ್ಧಿ ಕುಂಠಿತವಾದೀತೆಂಬ ಶಂಕೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಕ್ರಷರಿನಲ್ಲಿ ದುಡಿಯುವವನಿಗೂ ಸಂಸಾರವಿದೆ. ಆದರೆ ನೀರು ಚಿಮುಕಿಸುವ ಕೊಳವೆ, ಧೂಳು ಹಿಡಿಯುವ ಮುಚ್ಚಳ, ಟಿಪ್ಪರಿಗೊಂದು ಟಾರ್ಪಾಲು ಇವುಗಳ ಖರ್ಚನ್ನು ಜಲ್ಲಿಯ ಬೆಲೆಯಲ್ಲಿ ಸೇರಿಸಿ ಕಟ್ಟಡ ಕಟ್ಟುವವನಿಂದ ಪಡೆಯುವುದು ನ್ಯಾಯವೇ ಹೊರತು, ಆ ಖರ್ಚನ್ನು ಕಾರ್ಮಿಕನ ಶ್ವಾಸಕೋಶಕ್ಕೂ ನೆರೆಯವನ ಸೊಪ್ಪಿನ ತೋಟಕ್ಕೂ ಹೊರಿಸುವುದು ಯಾವ ಅರ್ಥಶಾಸ್ತ್ರದಲ್ಲಿಯೂ ಉಳಿತಾಯವೆನಿಸದು.

ಮೊದಲ ಹೆಜ್ಜೆಗೆ ಹೆಚ್ಚಿನ ಹಣವೂ ಬೇಡ, ಹೊಸ ಕಾಯಿದೆಯೂ ಬೇಡ. ಗಾಳಿಯನ್ನು ಅಳೆಯುವ ಕೇಂದ್ರಗಳು ಇಂದು ಬಹುಪಾಲು ನಗರದೊಳಗಿವೆ. ಕ್ರಷರುಗಳ ಮಗ್ಗುಲಿನ ಹಳ್ಳಿಯಲ್ಲಿ, ಹೊಸಕೋಟೆಗೂ ಮಾಲೂರಿಗೂ ನಡುವೆ, ಬಿಡದಿಯ ಕೈಗಾರಿಕಾ ಪ್ರದೇಶದ ಆಚೆ, ವರ್ತುಲ ಹೆದ್ದಾರಿಯ ಬದಿಯ ಶಾಲೆಯ ಅಂಗಳದಲ್ಲಿ ಒಂದೊಂದನ್ನು ಸ್ಥಾಪಿಸಲಿ. ಅಲ್ಲಿ ದೊರೆತ ಅಂಕೆಯನ್ನು ಪ್ರತಿದಿನ ಬೆಳಿಗ್ಗೆ, ಅರ್ಥವಾಗುವ ಕನ್ನಡದಲ್ಲಿ, ಆ ಊರಿನ ಪಂಚಾಯಿತಿ ಕಚೇರಿಯ ಫಲಕದ ಮೇಲೆ, ಬೆಂಗಳೂರಿನ ಅಂಕೆಯ ಪಕ್ಕದಲ್ಲಿ ಬರೆದಿಡಲಿ.